ಒಂದೇ ಮಂಡಿಗೆ ನಾಲ್ಕು ಲೆಕ್ಕ: ಕ್ಯಾಮೆರಾ ಹೇಳುವ ಡಿಗ್ರಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ಅಮ್ಮನಿಗೆ 64 ವರ್ಷ. ಬಲ ಮಂಡಿ ಬದಲಾಯಿಸುವ ಆಪರೇಷನ್ ಆಗಿ ಆರು ವಾರ ಆಯಿತು. ಒಂದು ಫಿಸಿಯೋಥೆರಪಿ ಸೆಂಟರಿನಲ್ಲಿ ಕ್ಯಾಮೆರಾ ಮುಂದೆ ಕೂರಿಸಿ, ಮಂಡಿ 104 ಡಿಗ್ರಿ ಮಡಚುತ್ತಿದೆ ಅಂದರು. ನಾಲ್ಕು ದಿನ ಬಿಟ್ಟು ಮನೆ ಹತ್ತಿರದ ಇನ್ನೊಂದು ಸೆಂಟರಿಗೆ ಹೋದೆವು. ಅಲ್ಲೂ ಕ್ಯಾಮೆರಾನೇ, ಆದರೆ 93 ಬಂತು. "ಮಂಡಿ ಬಿಗಿಯುತ್ತಿದೆ, ಹೀಗೇ ಬಿಟ್ಟರೆ ಅರಿವಳಿಕೆ ಕೊಟ್ಟು ಮಡಚಬೇಕಾಗುತ್ತದೆ" ಎಂದು ಹೇಳಿ ಪ್ಯಾಕೇಜ್ ತೆಗೆದುಕೊಳ್ಳಲು ಹೇಳಿದರು. ಮನೆಗೆ ಬರುವ ಫಿಸಿಯೋ ಮೇಡಂ ಪ್ಲಾಸ್ಟಿಕ್ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಪಟ್ಟಿ) ಇಟ್ಟು 98 ಅಂದರು. ಫೋನಿನ ಆ್ಯಪ್ 76 ಎಂದು ತೋರಿಸಿ, ಪಕ್ಕದಲ್ಲೇ ಹಸಿರು ಬಣ್ಣದಲ್ಲಿ "ಎಕ್ಸಲೆಂಟ್" ಅನ್ನುತ್ತದೆ! ಎರಡನೇ ಸೆಂಟರಿನ ಬ್ರೋಷರಿನಲ್ಲಿ "ಶೇ. 98ರಷ್ಟು ನಿಖರ" ಎಂದಿದೆ. ಅಮ್ಮ ಮನೆಯಲ್ಲೂ ಹೊರಗೂ ಸೀರೆಯನ್ನೇ ಉಡುವುದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಮ್ಮ, ಹಳೇ ಕೈನೆಕ್ಟ್ ಕ್ಯಾಮೆರಾ ಕೊಂಡು ಮನೆಯಲ್ಲೇ ಅಳೆಯೋಣ ಅನ್ನುತ್ತಾನೆ. ಯಾವುದನ್ನು ನಂಬಬೇಕು? ಮಂಡಿ ನಿಜವಾಗಿ ಹಿಂದಕ್ಕೆ ಹೋಗುತ್ತಿದೆಯಾ? ದಾವಣಗೆರೆಯ ಓದುಗರು

ಉತ್ತರ: ನೀವು ಕ್ಯಾಮೆರಾ ಬಗ್ಗೆ ಬಹಳ ಕೇಳಿದ್ದೀರಿ. ಆದರೆ ಅದರ ಹಿಂದಿರುವ ಭಯ ಒಂದೇ, ಅಲ್ವಾ? ನಾಲ್ಕೇ ದಿನದಲ್ಲಿ ಅಮ್ಮನ ಮಂಡಿ 11 ಡಿಗ್ರಿ ಬಿಗಿದುಕೊಂಡಿತಾ ಅನ್ನುವುದು. ನೀವು ಬರೆದಿರುವ ಲೆಕ್ಕಗಳನ್ನಿಟ್ಟುಕೊಂಡು ಹಾಗೆ ಹೇಳಲು ಆಗುವುದಿಲ್ಲ. 104, 93, 98 ಈ ಮೂರೂ ಒಂದೇ ಮಂಡಿಯ, ಹೆಚ್ಚುಕಡಿಮೆ ಒಂದೇ ಸ್ಥಿತಿಯ ಅಳತೆಗಳಾಗಿರಬಹುದು. ಅಷ್ಟೇ ಏಕೆ, ಆ 76 ಕೂಡ ಅದೇ ಇರಬಹುದು. ನಾನು ಡಾಕ್ಟರ್ ಅಲ್ಲ. ನಡಿಗೆ ಅಳೆಯುವ ಲ್ಯಾಬಿನಲ್ಲಿ ಸರ್ಜನ್‌ಗಳ, ಫಿಸಿಯೋಗಳ ಜೊತೆ ಕೆಲಸ ಮಾಡುವ ಬಯೋಮೆಕ್ಯಾನಿಕ್ಸ್ ಎಂಜಿನಿಯರ್. ಚಿಕಿತ್ಸೆಯ ತೀರ್ಮಾನ ಸರ್ಜನ್ ಅವರದ್ದು. ಆ ತೀರ್ಮಾನಕ್ಕೆ ಆಧಾರವಾಗುವ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ಹೇಳುವುದು ನನ್ನ ಕೆಲಸ.

ಸುಲಭದ್ದನ್ನು ಮೊದಲು ಮುಗಿಸೋಣ. 76. ಡಾಕ್ಟರು, ಫಿಸಿಯೋಗಳು ಕಾಲು ನೆಟ್ಟಗಿದ್ದರೆ ಸೊನ್ನೆ ಅನ್ನುತ್ತಾರೆ. ಮಡಚುತ್ತಾ ಹೋದ ಹಾಗೆ ಸಂಖ್ಯೆ ಏರುತ್ತದೆ. ಕೆಲವು ಆ್ಯಪ್‌ಗಳು ತೊಡೆಗೂ ಕೆಳಗಾಲಿಗೂ ನಡುವಿನ ಒಳಕೋನವನ್ನು ತೋರಿಸುತ್ತವೆ. ಅಲ್ಲಿ ನೆಟ್ಟಗಿದ್ದರೆ 180, ಮಡಚಿದ ಹಾಗೆ ಸಂಖ್ಯೆ ಇಳಿಯುತ್ತದೆ. 180ರಲ್ಲಿ 76 ಕಳೆಯಿರಿ. 104 ಬರುತ್ತದೆ. ಪರೀಕ್ಷಿಸಿ ನೋಡಬೇಕೆಂದರೆ ಅಮ್ಮನ ಕಾಲನ್ನು ನೆಟ್ಟಗೆ ಚಾಚಿಸಿ ಆ್ಯಪ್ ಏನು ತೋರಿಸುತ್ತದೆ ನೋಡಿ. 180ರ ಹತ್ತಿರ ಇದ್ದರೆ ಇದೇ ಕಾರಣ. ಇನ್ನು ಆ "ಎಕ್ಸಲೆಂಟ್" ಎಂಬುದು ಆ್ಯಪ್ ಮಾಡಿದವರು ಇಟ್ಟುಕೊಂಡ ಗುರಿ ಮುಟ್ಟಿದಿರಿ ಅನ್ನುವ ಸೂಚನೆ ಮಾತ್ರ. ಅದನ್ನು ವೈದ್ಯಕೀಯ ಅಭಿಪ್ರಾಯ ಅಂದುಕೊಳ್ಳಬೇಡಿ.

ಈಗ 104 ಮತ್ತು 93ರ ಮಾತು. ಇದಕ್ಕೆ ಕ್ಯಾಮೆರಾ ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಯಾವ ಕ್ಯಾಮೆರಾಗೂ ಮೂಳೆ ಕಾಣುವುದಿಲ್ಲ. ನಿಮ್ಮ ತಮ್ಮ ಹೇಳಿದ ಕೈನೆಕ್ಟನ್ನೇ ತೆಗೆದುಕೊಳ್ಳಿ. ಮೈಕ್ರೋಸಾಫ್ಟ್ ಅದನ್ನು 2010ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ವಿಡಿಯೋ ಗೇಮಿಗೆಂದು ತಂದಿತು. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಸಾವಿರಾರು ಚುಕ್ಕಿಗಳನ್ನು ಕೋಣೆಯ ಮೇಲೆ ಚೆಲ್ಲುತ್ತಿತ್ತು. ಚುಕ್ಕಿಗಳು ಎಷ್ಟು ಸರಿದಿವೆ ಎಂದು ನೋಡಿ, ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತಿತ್ತು. 2013ರಲ್ಲಿ ಬಂದ ಎರಡನೇ ಕೈನೆಕ್ಟ್, ಬೆಳಕು ಹೋಗಿ ಬರಲು ಹಿಡಿಯುವ ಸಮಯದಿಂದ ದೂರ ಅಳೆಯುತ್ತಿತ್ತು. ಎರಡರಲ್ಲೂ ಸಿಗುವುದು ಮೈಯ ಹೊರಮೈ ಆಕಾರ, ಅದೂ ಕ್ಯಾಮೆರಾ ಕಡೆ ಇರುವ ಅರ್ಧ ಮಾತ್ರ. ಈ ಆಕಾರ ನೋಡಿ "ಇಲ್ಲಿ ಸೊಂಟದ ಕೀಲು ಇರಬೇಕು, ಇಲ್ಲಿ ಮಂಡಿ ಇರಬೇಕು" ಎಂದು ಊಹಿಸುವುದು ಸಾಫ್ಟ್‌ವೇರ್. ಮೊದಲ ಕೈನೆಕ್ಟ್ ಹೀಗೆ 20 ಕೀಲುಗಳನ್ನು ಗುರುತಿಸುತ್ತಿತ್ತು, ಎರಡನೆಯದು 25. ಮೈಕ್ರೋಸಾಫ್ಟ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಆ ವಿಧಾನ ತುಂಬಾ ಜಾಣತನದ್ದು. ಆಟಕ್ಕೆ ಅದು ಸಾಕಿತ್ತು. ಚೆಂಡು ಒದೆಯುವ ಆಟದಲ್ಲಿ ಮಂಡಿ ನಾಲ್ಕು ಸೆಂಟಿಮೀಟರ್ ಆಚೆ ಕಂಡರೆ ಯಾರಿಗೂ ನಷ್ಟ ಇಲ್ಲ.

ಈಗಿನ ಫೋನ್ ಆ್ಯಪ್‌ಗಳಿಗೆ ಆ ಇನ್‌ಫ್ರಾರೆಡ್ ಕೂಡ ಬೇಕಿಲ್ಲ. ಸಾಮಾನ್ಯ ವಿಡಿಯೋ ಸಾಕು. ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದ ಓಪನ್‌ಪೋಸ್, ಗೂಗಲ್‌ನ ಮೀಡಿಯಾಪೈಪ್ ಇಂಥವು ಸಾವಿರಾರು ಫೋಟೋಗಳನ್ನು ನೋಡಿ ಕಲಿತಿವೆ. ಕಲಿಸುವಾಗ ಏನು ಮಾಡಿದ್ದರು? ಜನರನ್ನು ಕೂರಿಸಿ, ಫೋಟೋ ತೋರಿಸಿ, ಸೊಂಟ ಎಲ್ಲಿದೆ, ಮಂಡಿ ಎಲ್ಲಿದೆ ಎಂದು ಚುಕ್ಕಿ ಇಡಿಸಿದ್ದರು. ಚುಕ್ಕಿ ಇಟ್ಟವರು ಬಟ್ಟೆಯ ಮೇಲಿಂದ ಅಂದಾಜು ಮಾಡಿದವರು. ಹಾಗಾಗಿ ಸಾಫ್ಟ್‌ವೇರ್ ಕಲಿತದ್ದೂ ಅದೇ ಅಂದಾಜು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ತಂಡವೊಂದು 2021ರಲ್ಲಿ ಇಂಥ ಹಲವು ಸಾಫ್ಟ್‌ವೇರ್‌ಗಳನ್ನು ಚರ್ಮದ ಮೇಲೆ ಗುರುತಿನ ಗುಂಡು ಅಂಟಿಸಿ ಅಳೆಯುವ ಲ್ಯಾಬಿನ ಮಾರ್ಕರ್ ಪದ್ಧತಿಯ ಜೊತೆ ಹೋಲಿಸಿತು. ಸೊಂಟ ಮತ್ತು ಮಂಡಿಯ ಕೇಂದ್ರ ಸುಮಾರು 3ರಿಂದ 5 ಸೆಂ.ಮೀ. ಒಂದೇ ಕಡೆಗೆ ಸರಿದು ಕಾಣುತ್ತಿತ್ತು. ಕಲಿಕೆಯ ಫೋಟೋಗಳಲ್ಲಿ ಚುಕ್ಕಿಗಳನ್ನು ತಪ್ಪು ಜಾಗದಲ್ಲಿ ಇಟ್ಟದ್ದೇ ಇದಕ್ಕೆ ಕಾರಣ ಇರಬೇಕು ಎಂದು ಅವರು ಬರೆದರು.

ಮೂರು, ನಾಲ್ಕು ಸೆಂಟಿಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಅಮ್ಮನ ಸೊಂಟದ ಕೀಲಿನಿಂದ ಮಂಡಿಗೆ ಸುಮಾರು 40 ಸೆಂ.ಮೀ. ಇದೆ ಎಂದುಕೊಳ್ಳೋಣ. ಸೊಂಟದ ಚುಕ್ಕಿ ಅಡ್ಡಕ್ಕೆ 4 ಸೆಂ.ಮೀ. ಸರಿದರೆ ತೊಡೆಯ ಗೆರೆ ಸುಮಾರು 6 ಡಿಗ್ರಿ ವಾಲುತ್ತದೆ. ಅದರ ಮೇಲೆ ಕಾಲ್ಗಿಣ್ಣಿನ ಚುಕ್ಕಿ 2 ಸೆಂ.ಮೀ. ತಪ್ಪಿದರೆ ಇನ್ನೊಂದು 3 ಡಿಗ್ರಿ. ಮಂಡಿಯ ಚುಕ್ಕಿ ತಪ್ಪಿದರೆ ಎರಡೂ ಗೆರೆ ವಾಲುತ್ತವೆ. ಒಂದು ಸೆಂಟರಿನ ಸಾಫ್ಟ್‌ವೇರ್ ಹೀಗೆ ಮೇಲಕ್ಕೆ ತಪ್ಪಿ, ಇನ್ನೊಂದರದ್ದು ಕೆಳಕ್ಕೆ ತಪ್ಪಿದರೆ 11 ಡಿಗ್ರಿ ವ್ಯತ್ಯಾಸಕ್ಕೆ ಮಂಡಿ ಒಂದಿಷ್ಟೂ ಬದಲಾಗಬೇಕಿಲ್ಲ.

ಇನ್ನು ಸೀರೆ. ನೀವು ಅದನ್ನು ಬರೆದಿದ್ದು ಬಹಳ ಒಳ್ಳೆಯದಾಯಿತು. ಈ ತಂತ್ರಜ್ಞಾನದ ಬ್ರೋಷರ್‌ಗಳಲ್ಲಿ ಯಾವಾಗಲೂ ಚಡ್ಡಿ, ಬಿಗಿ ಬನಿಯನ್ ಹಾಕಿದ ಗಟ್ಟಿಮುಟ್ಟಾದ ಹುಡುಗರೇ ಇರುತ್ತಾರೆ. ನಿಖರತೆಯ ಪರೀಕ್ಷೆಗಳನ್ನೂ ಹೆಚ್ಚಾಗಿ ಅಂಥ ಆರೋಗ್ಯವಂತ ಯುವಕರ ಮೇಲೆಯೇ ಮಾಡಿರುತ್ತಾರೆ. ನಮ್ಮಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಬರುವವರು ಸೀರೆ, ನೈಟಿ, ಪಂಚೆ, ಲುಂಗಿ ಉಟ್ಟ ಹಿರಿಯರು. ಸೀರೆ ಉಟ್ಟು ಕುರ್ಚಿಯಲ್ಲಿ ಕೂತವರ ಮೇಲೆ ಸಾಫ್ಟ್‌ವೇರ್ ಬಿಡಿಸುವ ಕಡ್ಡಿಗೊಂಬೆಯನ್ನು ಪರದೆಯ ಮೇಲೆ ಹತ್ತಿರದಿಂದ ನೋಡಿ. ಎರಡು ಕಾಲಿನ ನಡುವೆ ಸೀರೆ ಒಂದೇ ಹಾಳೆಯಾಗಿ ಬಿಗಿದು ನಿಂತಿರುತ್ತದೆ. ಮಂಡಿಯ ಚುಕ್ಕಿ ನೆರಿಗೆಯ ಮೇಲೆಲ್ಲೋ ಕೂತಿರುತ್ತದೆ. ಕಾಲು ಹಿಂದಕ್ಕೆ ಎಳೆದರೆ ಅಂಚು ಸರಿದು ಕಾಲ್ಗಿಣ್ಣು ಮುಚ್ಚಿಹೋಗುತ್ತದೆ. ಆಗ ಚುಕ್ಕಿ ಬಟ್ಟೆಯ ಅಂಚಿಗೆ ನೆಗೆಯುತ್ತದೆ, ಮರುಕ್ಷಣ ವಾಪಸ್ ಬರುತ್ತದೆ. ರೋಗಿ ಅಲುಗಾಡದೆ ಕೂತಿದ್ದರೂ ಡಿಗ್ರಿ ಮಾತ್ರ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಆಪರೇಟರ್ ಯಾವ ಕ್ಷಣದಲ್ಲಿ ಗುಂಡಿ ಒತ್ತಿದರೋ ಆ ಸಂಖ್ಯೆ ರಿಪೋರ್ಟಿಗೆ ಹೋಗುತ್ತದೆ. ಮುಂದಿನ ಸಲ ಅಳೆಯುವಾಗ ನೀವೇ ಪರದೆ ನೋಡಿ. ಚುಕ್ಕಿ ನಿಜವಾದ ಮಂಡಿಯ ಮೇಲೆ, ಗಿಣ್ಣಿನ ಮೇಲೆ ಕೂತಿದೆಯಾ? ಇಲ್ಲದಿದ್ದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಇದನ್ನು ಗಮನಿಸಲು ಎಂಜಿನಿಯರೇ ಆಗಬೇಕಿಲ್ಲ.

ಇನ್‌ಫ್ರಾರೆಡ್ ಕ್ಯಾಮೆರಾಗಳಿಗೆ ಇನ್ನೂ ಕೆಲವು ತೊಂದರೆಗಳಿವೆ. ಕಪ್ಪು ಬಟ್ಟೆ ಆ ಬೆಳಕನ್ನು ಹೀರಿಕೊಳ್ಳಬಹುದು. ಕಿಟಕಿಯಿಂದ ಬಿಸಿಲು ಬಿದ್ದರೆ ಚುಕ್ಕಿಗಳು ಮಸುಕಾಗುತ್ತವೆ. ಪಾಲಿಶ್ ಮಾಡಿದ ಗ್ರಾನೈಟ್ ನೆಲದಲ್ಲಿ ಪ್ರತಿಫಲನ ಆಗಿ, ಪಾದ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂಬ ಗೊಂದಲ ಆಗುತ್ತದೆ. ದೂರ ಹೋದಂತೆ ತಪ್ಪೂ ಬೆಳೆಯುತ್ತದೆ. ಮೊದಲ ಕೈನೆಕ್ಟಿನಲ್ಲಿ ಹತ್ತಿರಕ್ಕೆ ಕೆಲವೇ ಮಿಲಿಮೀಟರ್ ಇದ್ದ ಆಳದ ಅಳತೆಯ ಏರುಪೇರು, ಐದು ಮೀಟರ್ ದೂರಕ್ಕೆ ಸುಮಾರು 4 ಸೆಂ.ಮೀ. ಆಗುತ್ತಿತ್ತು.

ಕ್ಯಾಮೆರಾ ಇಟ್ಟ ಕೋನವೂ ಮುಖ್ಯ. ಅಮ್ಮ ಕುರ್ಚಿಯಲ್ಲಿ ತೊಡೆ ನೆಲಕ್ಕೆ ಸಮನಾಗಿ ಇಟ್ಟು, ಮಂಡಿಯನ್ನು ನಿಜವಾಗಿ 110 ಡಿಗ್ರಿ ಮಡಚಿದ್ದಾರೆ ಎಂದುಕೊಳ್ಳಿ. ಸರಿಯಾಗಿ ಪಕ್ಕದಿಂದ ತೆಗೆದ ಚಿತ್ರದಲ್ಲಿ 110 ಬರುತ್ತದೆ. ಫೋನನ್ನು 45 ಡಿಗ್ರಿ ಓರೆಯಾಗಿ ಇಟ್ಟು ತೆಗೆದರೆ ಚಿತ್ರದಲ್ಲಿ ಕಾಣುವ ಕೋನ 104. ಕೆಲವು ಆ್ಯಪ್‌ಗಳು ಈ ಓರೆಯನ್ನು ಸರಿಪಡಿಸಲು ನೋಡುತ್ತವೆ. ಆದರೆ ಒಂದೇ ಕ್ಯಾಮೆರಾದಿಂದ ಆಳವನ್ನು ತಿಳಿಯುವುದೂ ಊಹೆಯೇ.

ಇನ್ನು ಮಂಡಿಯೇ ಬದಲಾಗುವುದು. ಆಪರೇಷನ್ ಆಗಿ ಆರು ವಾರದ ಮಂಡಿ ಬೆಳಿಗ್ಗೆ ಎದ್ದಾಗ ಬಿಗಿಯಾಗಿರುತ್ತದೆ, ಸಂಜೆಗೆ ಓಡಾಡಿ ಬಾವು ಬಂದಿರುತ್ತದೆ. ನೋವಿನ ಮಾತ್ರೆ ತೆಗೆದುಕೊಂಡ ಮೇಲೆ, ವ್ಯಾಯಾಮದಿಂದ ಮೈ ಬಿಸಿಯಾದ ಮೇಲೆ ಅಳೆದರೆ ಸಂಖ್ಯೆ ಬೇರೆ. ಅಮ್ಮ ತಾವೇ ಮಡಚಿದ್ದಾ, ಫಿಸಿಯೋ ಕೈಯಿಂದ ಒತ್ತಿ ಮಡಚಿಸಿದ್ದಾ ಎಂಬುದರಿಂದಲೂ ಹಲವು ಡಿಗ್ರಿ ವ್ಯತ್ಯಾಸ ಬರಬಹುದು. ಎರಡು ಸೆಂಟರಿನವರೂ ಇದನ್ನು ರಿಪೋರ್ಟಿನಲ್ಲಿ ಬರೆದಿದ್ದಾರಾ ನೋಡಿ.

ಹಾಗಾದರೆ ಪ್ಲಾಸ್ಟಿಕ್ ಗೋನಿಯೋಮೀಟರ್ ಹೇಳಿದ 98 ಮಾತ್ರ ಸತ್ಯವಾ? ಅದಕ್ಕೂ ತಪ್ಪು ಇದೆ. ಅನುಭವ ಇರುವ ಒಬ್ಬರೇ ಫಿಸಿಯೋ ಮತ್ತೆ ಮತ್ತೆ ಅಳೆದರೂ ಸುಮಾರು 5 ಡಿಗ್ರಿವರೆಗೆ ಆಚೀಚೆ ಆಗುತ್ತದೆ. ಇಬ್ಬರು ಬೇರೆ ಬೇರೆ ಫಿಸಿಯೋಗಳಾದರೆ ಇನ್ನೂ ಜಾಸ್ತಿ. ಆದರೂ ಇವತ್ತು ನಾನು ಅದರ ಕಡೆಗೇ ವಾಲುತ್ತೇನೆ. ಏಕೆಂದರೆ ಆ ಮೇಡಂ ಸೀರೆ ಸರಿಸಿ, ಬೆರಳಿನಿಂದ ಒತ್ತಿ ಮೂಳೆ ಹುಡುಕುತ್ತಾರೆ. ತೊಡೆಯ ಮೇಲ್ತುದಿಯಲ್ಲಿ ಪಕ್ಕಕ್ಕೆ ಕೈಗೆ ಸಿಗುವ ಗಟ್ಟಿ ಮೂಳೆ, ಮಂಡಿಯ ಹೊರಮಗ್ಗುಲು, ಕಾಲ್ಗಿಣ್ಣಿನ ಹೊರಗಿನ ಉಬ್ಬು, ಈ ಮೂರು ಗುರುತಿನ ಮೇಲೆ ಅವರ ಅಳತೆ ನಿಂತಿದೆ. ನೀವು ಹೇಳಿದ ಕ್ಯಾಮೆರಾಗಳು ಬಟ್ಟೆಯ ಮೇಲಿಂದ ಊಹಿಸುತ್ತಿರುವುದೂ ಈ ಮೂರನ್ನೇ.

ನಮ್ಮ ಲ್ಯಾಬಿನ ಪದ್ಧತಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ "ಲಕ್ಷಾಂತರ ರೂಪಾಯಿಯ ಮಷೀನ್ ತಪ್ಪು ಹೇಳುವುದಿಲ್ಲ" ಎಂಬ ನಂಬಿಕೆ ಬಹಳ ಜನರಲ್ಲಿದೆ. ಅಲ್ಲಿ ಗೋಡೆ ಸುತ್ತ ಹಲವು ಇನ್‌ಫ್ರಾರೆಡ್ ಕ್ಯಾಮೆರಾ ಇರುತ್ತವೆ. ರೋಗಿಯ ಚರ್ಮದ ಮೇಲೆ ಬೆಳಕು ಪ್ರತಿಫಲಿಸುವ ಪುಟ್ಟ ಗುಂಡುಗಳನ್ನು ಅಂಟಿಸುತ್ತೇವೆ. ಇವೇ ಮಾರ್ಕರ್. ಗುಂಡು ಎಲ್ಲಿದೆ ಎಂದು ಆ ಕ್ಯಾಮೆರಾಗಳು ಒಂದು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ, ಸೆಕೆಂಡಿಗೆ ನೂರು ಸಲ ಅಥವಾ ಅದಕ್ಕೂ ಹೆಚ್ಚು ಹೇಳುತ್ತವೆ. ಆದರೆ ಗುಂಡು ಇರುವುದು ಚರ್ಮದ ಮೇಲೆ. ಹಿಮ್ಮಡಿ ನೆಲಕ್ಕೆ ಬಡಿದ ಕ್ಷಣ ತೊಡೆಯ ಮಾಂಸ ಅದುರುತ್ತದೆ, ಗುಂಡೂ ಅದುರುತ್ತದೆ. ಒಳಗಿನ ಮೂಳೆ ಹಾಗೆ ಅದುರಿರುವುದಿಲ್ಲ. ತೊಡೆಯ ಮೇಲೆ ಈ ಸರಿದಾಟ 2ರಿಂದ 3 ಸೆಂ.ಮೀ.ವರೆಗೂ ಹೋಗುತ್ತದೆ. ಇಂಥ ಲ್ಯಾಬುಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ 2009ರ ಒಂದು ವಿಮರ್ಶೆ ನಮ್ಮ ಕ್ಷೇತ್ರದಲ್ಲಿ ಈಗಲೂ ಅಳತೆಗೋಲು. 2 ಡಿಗ್ರಿ ಒಳಗಿನ ತಪ್ಪಾದರೆ ಒಪ್ಪಬಹುದು, 2ರಿಂದ 5 ಆದರೆ ಎಚ್ಚರದಿಂದ ಅರ್ಥ ಮಾಡಿಕೊಳ್ಳಬೇಕು, 5 ದಾಟಿದರೆ ದಾರಿ ತಪ್ಪಿಸಬಹುದು ಎಂಬುದು ಅದರ ಸಾರ. ಅಷ್ಟೆಲ್ಲ ಸಲಕರಣೆ ಇರುವ ಲ್ಯಾಬೇ 5 ಡಿಗ್ರಿಯ ಗೆರೆ ಇಟ್ಟುಕೊಂಡಿರುವಾಗ, ಸೀರೆಯ ಮೇಲಿಂದ ಒಂದು ಕ್ಯಾಮೆರಾ 93 ಎಂದು ಹೇಳಿದರೆ ಅದನ್ನು "93ರ ಆಸುಪಾಸು, ಹತ್ತು ಡಿಗ್ರಿ ಆಚೆ ಈಚೆ" ಎಂದು ಓದಿಕೊಳ್ಳುವುದು ಸುರಕ್ಷಿತ.

ಬ್ರೋಷರಿನ "ಶೇ. 98" ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. ಕೋನದ ಅಳತೆಗೆ ಶೇಕಡಾ ಲೆಕ್ಕ ಹೊಂದುವುದೇ ಇಲ್ಲ. ಎಷ್ಟರಲ್ಲಿ ಶೇ. 98? ಹೆಚ್ಚಿನ ಸಲ ಇದರ ಹಿಂದೆ ಇರುವುದು ಕೋರಿಲೇಶನ್ ಎಂಬ ಸಂಖ್ಯೆ, 0.98 ಎಂದು ಬಂದದ್ದನ್ನು ಶೇಕಡಾ ಮಾಡಿ ಮುದ್ರಿಸಿರುತ್ತಾರೆ. ಒಂದು ಅಳತೆ ಏರಿದಾಗ ಇನ್ನೊಂದೂ ಏರುತ್ತದೆಯೇ ಎಂದಷ್ಟೇ ಅದು ಹೇಳುತ್ತದೆ. ಹತ್ತು ನಿಮಿಷ ಮುಂದಿರುವ ಗಡಿಯಾರವೂ ಸರಿಯಾದ ಗಡಿಯಾರದ ಜೊತೆಗೇ ಓಡುತ್ತದೆ, ಕೋರಿಲೇಶನ್ ಪೂರ್ತಿ ಒಂದು ಬರುತ್ತದೆ. ಆದರೆ ಅದನ್ನು ನಂಬಿ ಬಸ್ ಹಿಡಿಯಲು ಆಗುವುದಿಲ್ಲ. ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1986ರಲ್ಲೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಬರೆದರು. ಎರಡು ವಿಧಾನಗಳನ್ನು ಹೋಲಿಸುವಾಗ, ಪ್ರತಿಯೊಬ್ಬ ರೋಗಿಯಲ್ಲೂ ಎರಡರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೆ, ಅದು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ನೋಡಿ ಅಂದರು. ನೀವು ಸೆಂಟರಿನಲ್ಲಿ ಕೇಳಬೇಕಾದದ್ದೂ ಇದೇ: "ಮಂಡಿ ಮಡಚುವ ಅಳತೆಯಲ್ಲಿ ನಿಮ್ಮ ಮಷೀನು ಎಷ್ಟು ಡಿಗ್ರಿ ಹೆಚ್ಚುಕಡಿಮೆ ತೋರಿಸುತ್ತದೆ? ಅದನ್ನು ಯಾರ ಮೇಲೆ ಪರೀಕ್ಷಿಸಿದ್ದೀರಿ? ನಮ್ಮಮ್ಮನ ವಯಸ್ಸಿನ, ಮಂಡಿ ಬದಲಾಯಿಸಿದವರು ಅದರಲ್ಲಿ ಇದ್ದರಾ?" ಉತ್ತರ ಡಿಗ್ರಿಯಲ್ಲಿ ಬರಬೇಕು. ಬರದಿದ್ದರೆ ಆ ರಿಪೋರ್ಟನ್ನು ಫೈಲಿಗೆ ಹಾಕಿಡಿ, ಅದರ ಮೇಲೆ ದುಡ್ಡು ಸುರಿಯಬೇಡಿ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ರೋಗ ಪತ್ತೆ, ನಿಗಾ, ಚಿಕಿತ್ಸೆಗೆಂದು ಬರುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ನಿಯಮದೊಳಗೆ ಬಂದಿದೆ. ಹಾಗಾಗಿ ಸಿಡಿಎಸ್‌ಸಿಒ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ) ಲೈಸೆನ್ಸ್ ಇದೆಯಾ ಎಂದೂ ಕೇಳಬಹುದು. ಲೈಸೆನ್ಸ್ ಇದ್ದ ಮಾತ್ರಕ್ಕೆ ಸೀರೆಯ ಮೇಲಿಂದ ಸರಿಯಾಗಿ ಅಳೆಯುತ್ತದೆ ಎಂದಾಗುವುದಿಲ್ಲ, ಅಷ್ಟು ಗಮನದಲ್ಲಿರಲಿ.

ಇಷ್ಟು ಹೇಳಿದ ಮೇಲೆ, ಈ ಕ್ಯಾಮೆರಾಗಳೇ ದಂಡ ಎಂದು ನೀವು ತಿಳಿದರೆ ಅದು ಅನ್ಯಾಯ. ನಾನು ಇವುಗಳ ಪರ ಇರುವವನು. ದೊಡ್ಡ ಚಲನೆ, ಸಮಯ, ಎಣಿಕೆ, ಇವುಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ನಡೆಯುವ ವೇಗ, ಹೆಜ್ಜೆಯ ಉದ್ದ, ಕುರ್ಚಿಯಿಂದ ಎದ್ದು ಕೂರಲು ಹಿಡಿಯುವ ಸಮಯ, ವ್ಯಾಯಾಮ ಎಷ್ಟು ಸಲ ಮಾಡಿದರು, ಇವನ್ನು ಸಾಧಾರಣ ಕ್ಯಾಮೆರಾವೂ ನಂಬುವಂತೆ ಹೇಳುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್ ತಂಡ 2014ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವವರ ಮೇಲೆ ಕೈನೆಕ್ಟ್ ಪರೀಕ್ಷಿಸಿತ್ತು. ಚಲನೆಯ ಸಮಯ ಮತ್ತು ಕೈಕಾಲಿನ ದೊಡ್ಡ ಚಲನೆಗಳು ಚೆನ್ನಾಗಿ ಸಿಕ್ಕವು. ಬೆರಳು ಮಡಚಿ ಬಿಡಿಸುವಂಥ ಸಣ್ಣ ಚಲನೆಗಳು ಸರಿಯಾಗಿ ಸಿಗಲಿಲ್ಲ. ಈಚೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಎರಡು ಅಥವಾ ಹೆಚ್ಚು ಐಫೋನ್‌ಗಳಿಂದ ಅಳೆಯುವ ಓಪನ್‌ಕ್ಯಾಪ್ ಎಂಬ ಪದ್ಧತಿ ತಂದಿದ್ದಾರೆ. 2023ರ ಅವರ ಪ್ರಬಂಧದಲ್ಲಿ ಕೀಲಿನ ಕೋನಗಳ ಸರಾಸರಿ ತಪ್ಪು 4.5 ಡಿಗ್ರಿ. ಎರಡು ಕಡೆಯಿಂದ ನೋಡಿ, ದೇಹರಚನೆಯ ಲೆಕ್ಕವನ್ನೂ ಸೇರಿಸಿದ್ದರಿಂದ ಬಂದ ಫಲ ಅದು. ಹತ್ತು ವರ್ಷದ ಹಿಂದೆ ಇದನ್ನು ಯೋಚಿಸಲೂ ಆಗುತ್ತಿರಲಿಲ್ಲ. ಆದರೆ ಅದೂ ಸರಾಸರಿ. ಸೀರೆ ಉಟ್ಟ ನಿಮ್ಮಮ್ಮನಿಗೆ ಅದೇ ಸಂಖ್ಯೆ ಬರುತ್ತದೆ ಎಂದು ಹೇಳಲಾಗದು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹದಗೆಡುವ ಸ್ಥಿತಿ) ಇರುವ ಮಗುವಿನ ಯಾವ ಸ್ನಾಯುವನ್ನು ಆಪರೇಷನ್ ಮಾಡಿ ಉದ್ದ ಮಾಡಬೇಕು, ಯಾವ ಮೂಳೆಯನ್ನು ತಿರುಗಿಸಬೇಕು ಎಂಬಂಥ ತೀರ್ಮಾನಕ್ಕೆ ಇವತ್ತಿಗೂ ಮಾರ್ಕರ್ ಇರುವ ಪೂರ್ತಿ ಲ್ಯಾಬೇ ಬೇಕು. ನಿಮ್ಮಮ್ಮನಿಗೆ ಅದರ ಅಗತ್ಯ ಇಲ್ಲ. ಅದಕ್ಕೆ ಖರ್ಚು ಮಾಡಬೇಡಿ.

ಸರಿ, ಈಗ ಏನು ಮಾಡಬಹುದು?

ನನ್ನ ಮೊದಲ ಸಲಹೆ ಟೇಪು. ಬಟ್ಟೆ ಹೊಲಿಯುವವರ ಟೇಪು ಸಾಕು. ಗಟ್ಟಿ ಮಂಚದ ಮೇಲೆ ಅಮ್ಮನನ್ನು ಅಂಗಾತ ಮಲಗಿಸಿ. ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಕವರ್ ಹಾಕಿ, ಸುಲಭವಾಗಿ ಜಾರುತ್ತದೆ. ಹಿಮ್ಮಡಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳಲಿ, ಯಾರೂ ಒತ್ತಬೇಡಿ. ಎಷ್ಟು ಬರುತ್ತದೋ ಅಲ್ಲಿ ನಿಲ್ಲಿಸಿ, ಕಾಲ್ಗಿಣ್ಣಿನ ಹೊರಗಿನ ಉಬ್ಬಿನಿಂದ ತೊಡೆಯ ಮೇಲ್ತುದಿಯ ಪಕ್ಕದ ಮೂಳೆವರೆಗೆ ನೇರವಾಗಿ ಅಳೆಯಿರಿ. ಆ ಮೂಳೆ ಎಲ್ಲಿದೆ ಎಂದು ಫಿಸಿಯೋ ಮೇಡಂ ಒಮ್ಮೆ ತೋರಿಸಿಕೊಡಲಿ. ತೊಡೆ 40, ಕೆಳಗಾಲು 40 ಸೆಂ.ಮೀ. ಇದ್ದವರಿಗೆ ಮಂಡಿ 90 ಡಿಗ್ರಿ ಮಡಚಿದಾಗ ಈ ದೂರ ಸುಮಾರು 57 ಸೆಂ.ಮೀ., 100 ಡಿಗ್ರಿಗೆ ಸುಮಾರು 51. ಅಂದರೆ ಅರ್ಧ ಸೆಂಟಿಮೀಟರಿಗೆ ಒಂದು ಡಿಗ್ರಿ ಎಂದು ಇಟ್ಟುಕೊಳ್ಳಿ. ಟೇಪು ಹಿಡಿಯುವುದರಲ್ಲಿ ಒಂದು ಸೆಂ.ಮೀ. ತಪ್ಪಿದರೂ ಎರಡು ಡಿಗ್ರಿ ಮಾತ್ರ ತಪ್ಪುತ್ತದೆ. ಅಮ್ಮನ ಮಂಡಿ ನಿಜವಾಗಿ 104ರಿಂದ 93ಕ್ಕೆ ಇಳಿದಿದ್ದರೆ ಈ ದೂರ ಸುಮಾರು 6 ಸೆಂ.ಮೀ. ಹೆಚ್ಚಾಗಿರಬೇಕು. ಮೂರು ಬೆರಳು ಅಗಲದಷ್ಟು! ದಿನಾ ವ್ಯಾಯಾಮ ಮಾಡಿಸುವ ನಿಮಗೆ ಅಷ್ಟು ವ್ಯತ್ಯಾಸ ಕಣ್ಣಿಗೇ ಬೀಳುತ್ತಿತ್ತು.

ವಾರಕ್ಕೆ ಎರಡು ಸಲ, ಒಂದೇ ಹೊತ್ತಿಗೆ, ಒಬ್ಬರೇ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ದಿನದ ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಎರಡು ಮೂರು ವಾರದ ಸಾಲು ನೋಡಿ. ಜೊತೆಗೆ ಮನೆಗೆ ಬರುವ ಫಿಸಿಯೋ ವಾರಕ್ಕೊಮ್ಮೆ ಗೋನಿಯೋಮೀಟರ್ ಇಡಲಿ, ತಾನೇ ಮಡಚಿದ್ದು, ಒತ್ತಿ ಮಡಚಿದ್ದು ಎರಡನ್ನೂ ಬೇರೆ ಬೇರೆ ಬರೆಯಲಿ. ಅಳೆಯುವವರನ್ನು ಬದಲಾಯಿಸಬೇಡಿ. ಯಂತ್ರ ಯಾವುದು ಎಂಬುದಕ್ಕಿಂತ ಇದು ಮುಖ್ಯ.

ಕಾಲು ನೆಟ್ಟಗಾಗುತ್ತದೆಯಾ ಎಂಬುದನ್ನೂ ನೋಡಿ. ನೀವು ಕಳಿಸಿದ ನಾಲ್ಕು ಸಂಖ್ಯೆಯೂ ಮಡಚುವುದರ ಬಗ್ಗೆಯೇ ಇವೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ ಮಡಚಬೇಕಾದದ್ದು 60ರಿಂದ 65 ಡಿಗ್ರಿ ಅಷ್ಟೇ. ಅಮ್ಮ ಅದನ್ನು ಆಗಲೇ ದಾಟಿದ್ದಾರೆ. ಕುರ್ಚಿಯಿಂದ ಆರಾಮಾಗಿ ಏಳಲು 90ಕ್ಕೂ ಸ್ವಲ್ಪ ಹೆಚ್ಚು ಬೇಕು. ಆದರೆ ಕಾಲು ಪೂರ್ತಿ ನೆಟ್ಟಗಾಗದೆ ಹತ್ತು ಡಿಗ್ರಿ ಬಾಗಿಯೇ ಉಳಿದರೆ ಕುಂಟು ಉಳಿಯುತ್ತದೆ. ಇಂಥ ಸಣ್ಣ ಕೋನದಲ್ಲಿ ಕ್ಯಾಮೆರಾದ ತಪ್ಪು, ಅಳೆಯಬೇಕಾದ ಕೋನದಷ್ಟೇ ದೊಡ್ಡದು. ಹಾಗಾಗಿ ಇದನ್ನು ಆ್ಯಪ್ ಮೇಲೆ ಬಿಡಲೇಬೇಡಿ. ಕಾಲು ಚಾಚಿ ಮಲಗಿದಾಗ ಮಂಡಿಯ ಹಿಂಭಾಗಕ್ಕೂ ಹಾಸಿಗೆಗೂ ನಡುವೆ ಎಷ್ಟು ಸಂದು ಇದೆ, ಚೆನ್ನಾಗಿರುವ ಎಡಗಾಲಿಗೆ ಹೋಲಿಸಿದರೆ ಹೇಗಿದೆ ನೋಡಿ, ಫಿಸಿಯೋಗೆ ಹೇಳಿ.

ಆ್ಯಪ್ ತೆಗೆದುಹಾಕಬೇಕಾಗಿಲ್ಲ. ಅಮ್ಮ ಆ ಹಸಿರು ಬಣ್ಣ ನೋಡಿ ಹುಮ್ಮಸ್ಸಿನಿಂದ ಇನ್ನೂ ಹತ್ತು ಸಲ ಮಡಚುತ್ತಾರೆ ಅಂದರೆ ಅದು ದೊಡ್ಡ ಉಪಕಾರ. ಎಷ್ಟು ಸಲ ಮಾಡಿದರು ಎಂದು ಎಣಿಸಲಿ, ನೆನಪು ಮಾಡಲಿ. ಬಳಸುವಾಗ ಸಡಿಲವಲ್ಲದ ಚೂಡಿದಾರದ ಪ್ಯಾಂಟು ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಲು ಅಮ್ಮ ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಒತ್ತಾಯ ಬೇಡ, ಡಿಗ್ರಿಯನ್ನು ನೋಡಬೇಡಿ ಅಷ್ಟೇ. ಫೋನು ಮಂಡಿಯ ಎತ್ತರಕ್ಕೆ, ಸರಿಯಾಗಿ ಪಕ್ಕದಲ್ಲಿ, ಆಪರೇಷನ್ ಆದ ಕಾಲು ಕ್ಯಾಮೆರಾ ಕಡೆ ಇರುವ ಹಾಗೆ ಇರಲಿ. ಒಂದು ಅಪಾಯ ಹೇಳಬೇಕು: ಆ್ಯಪ್‌ನಲ್ಲಿ ಗುರಿ ಮುಟ್ಟಬೇಕೆಂದು ಕೆಲವರು ಸೊಂಟ ಎತ್ತಿ, ಮೈ ತಿರುಚಿ ಮಡಚುತ್ತಾರೆ. ಸಂಖ್ಯೆ ಏರುತ್ತದೆ, ಮಂಡಿ ಅಷ್ಟೇ ಇರುತ್ತದೆ. ಶುರುವಿನಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ನೋಡಿ.

ತಮ್ಮನ ಕೈನೆಕ್ಟ್ ಯೋಚನೆ ಬೇಡ ಅನ್ನುತ್ತೇನೆ. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಕೈನೆಕ್ಟ್ ತಯಾರಿಕೆಯನ್ನು 2017ರಲ್ಲೇ ನಿಲ್ಲಿಸಿತು. ಆಮೇಲೆ ಬಂದ ಅಜ್ಯೂರ್ ಕೈನೆಕ್ಟನ್ನೂ 2023ರಲ್ಲಿ ಕೈಬಿಟ್ಟಿತು. ಹಳೇ ಸೆಟ್ ಸಿಕ್ಕರೂ ಅಡಾಪ್ಟರ್, ಡ್ರೈವರ್ ಹುಡುಕುವುದೇ ಕೆಲಸ. ಅದಕ್ಕಿಂತ ಮುಖ್ಯ, ಎದುರಿಗೆ ನಿಂತು ಆಡುವವರಿಗೆಂದು ಮಾಡಿದ್ದು ಅದು. ಮಂಚದ ಮೇಲೆ ಮಲಗಿದವರನ್ನು, ಪಕ್ಕಕ್ಕೆ ತಿರುಗಿ ಕೂತವರನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ತಮ್ಮನಿಗೆ ಸಹಾಯ ಮಾಡುವ ಆಸೆ ಇದ್ದರೆ, ವಾರಕ್ಕೊಮ್ಮೆ ಅಮ್ಮ ನಡೆಯುವ ವಿಡಿಯೋವನ್ನು ಒಂದೇ ಜಾಗದಿಂದ, ಪಕ್ಕದಿಂದ ಮತ್ತು ಹಿಂದಿನಿಂದ, ತೆಗೆದು ಇಟ್ಟುಕೊಳ್ಳಲಿ. ಅವುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸರ್ಜನ್‌ಗೆ ಬಹಳ ವಿಷಯ ಗೊತ್ತಾಗುತ್ತದೆ.

ಕೊನೆಗೆ, ಅರಿವಳಿಕೆ ಕೊಟ್ಟು ಮಡಚುವ ಮಾತು. ಮಂಡಿ ಬದಲಾಯಿಸಿದ ಮೇಲೆ ಆರರಿಂದ ಹನ್ನೆರಡು ವಾರದೊಳಗೆ 90 ಡಿಗ್ರಿ ಕೂಡ ಮುಟ್ಟದೆ ನಿಂತುಬಿಟ್ಟವರಲ್ಲಿ ಸಾಮಾನ್ಯವಾಗಿ ಸರ್ಜನ್‌ಗಳು ಅದನ್ನು ಯೋಚಿಸುತ್ತಾರೆ. ಅದರಲ್ಲಿ ರಕ್ತಸ್ರಾವದ ಅಪಾಯ ಇದೆ, ಅಪರೂಪಕ್ಕೆ ಮೂಳೆ ಮುರಿಯುವುದೂ ಉಂಟು. ನಿಮ್ಮಮ್ಮನ ಅತಿ ಕಡಿಮೆ ಅಳತೆಯೂ 93. ಆ ಮಾತನ್ನು ಆಪರೇಷನ್ ಮಾಡಿದ ಸರ್ಜನ್ ಅವರೇ, ತಮ್ಮ ಕೈಯಿಂದ ಮಂಡಿ ಮುಟ್ಟಿ ನೋಡಿ ಹೇಳಬೇಕು. ಕ್ಯಾಮೆರಾ ರಿಪೋರ್ಟ್ ನೋಡಿ ಯಾರೋ ಹೇಳಿದರೆ ಒಪ್ಪಬೇಡಿ. ಮುಂದಿನ ಭೇಟಿಗೆ ಎರಡು ವಾರದ ಟೇಪಿನ ಅಳತೆ, ಗೋನಿಯೋಮೀಟರ್ ಅಳತೆ, ನಡಿಗೆಯ ವಿಡಿಯೋ ತೆಗೆದುಕೊಂಡು ಹೋಗಿ. ಎರಡೂ ಸೆಂಟರಿನ ರಿಪೋರ್ಟನ್ನೂ ತೋರಿಸಿ, ಮುಚ್ಚಿಡಬೇಡಿ. ಅಷ್ಟರೊಳಗೆ ಜ್ವರ ಬಂದರೆ, ಗಾಯದಿಂದ ನೀರು ಅಥವಾ ಕೀವು ಒಸರಿದರೆ, ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯಾದರೆ, ಮೀನಖಂಡ ಊದಿಕೊಂಡು ನೋಯತೊಡಗಿದರೆ ಭೇಟಿಯ ದಿನಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.